ಸಂತೆಯ ದಿನ ಹೆರಿಗೆ ರಿಜಿಸ್ಟರು ಓದಿದ್ದು

ನಾನು ಗುಮಾಸ್ತೆಯಾಗಿ ಸೇರಿದ ಆಸ್ಪತ್ರೆ ಚನ್ನಗಿರಿಯಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಒಂದು ಸಂತೆ ಊರಿನಲ್ಲಿತ್ತು. ಹೆಂಚಿನ ಮಾಡು, ಕಲ್ಲಿನ ಕಂಬಗಳ ಉದ್ದ ಜಗಲಿ. ಮಹಾರಾಜರ ಕಾಲದ್ದು ಎಂದು ಎಲ್ಲರೂ ಹೇಳುತ್ತಿದ್ದರು, ಯಾವ ಮಹಾರಾಜರೆಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ತುರ್ತುಪರಿಸ್ಥಿತಿ ಮುಗಿದು ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ನನಗೋ ಹರೆಯ, ಬಾಯಿ ಜಾಸ್ತಿ, ತಾಳ್ಮೆ ಕಡಿಮೆ. ಹಿಡಿದದ್ದನ್ನು ಬಿಡುವವಳಲ್ಲ ಎಂದು ಮನೆಯಲ್ಲೂ ಹೆಸರಾಗಿತ್ತು.

ಔಷಧಿ ಕೊಡುವ ಕಿಟಕಿಯ ಹಿಂದೆ ಒಂದು ಕೋಣೆ ಸದಾ ಬೀಗ ಹಾಕಿಕೊಂಡೇ ಇರುತ್ತಿತ್ತು. ಒಂದು ದಿನ ನಾನು, ವಾರ್ಡಿನ ಆಯಮ್ಮ ಇಬ್ಬರೂ ಸೇರಿ ಆ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆದೆವು. ಅಯ್ಯೋ, ಏನೇನಿತ್ತು ಅಲ್ಲಿ. ಕೂಸುಗಳನ್ನು ತೂಗುತ್ತಿದ್ದ ಹಿತ್ತಾಳೆ ತಕ್ಕಡಿ, ಎಷ್ಟು ಕುಡಿಯಬೇಕೆಂದು ತೋರಿಸಲು ಕಾಗದದ ಪಟ್ಟಿ ಅಂಟಿಸಿದ್ದ ಔಷಧಿ ಸೀಸೆಗಳು, ಕಟ್ಟುಕಟ್ಟು ಪತ್ರಗಳು. ಹಿಂದಿನ ಡಾಕ್ಟರೊಬ್ಬರು ಮೇಲಿನವರಿಗೆ ಬರೆದಿದ್ದರು: ರೋಗಿಗಳನ್ನು ತರುವ ಗಾಡಿಯ ಎತ್ತುಗಳು ಆಸ್ಪತ್ರೆಯ ಹಂಡೆಗೇ ಬಾಯಿ ಹಾಕುತ್ತಿವೆ, ದಯಮಾಡಿ ಒಂದು ಕಲ್ಲಿನ ಬಾನಿ ಮಂಜೂರು ಮಾಡಬೇಕು. ಆ ಬಾನಿಯ ಅಂಚಿನಲ್ಲಿ ಕೂತು ನಾನು ದಿನಾ ಊಟ ಮಾಡುತ್ತಿದ್ದೆ. ಅದಕ್ಕೂ ಒಂದು ಕಥೆ ಇದೆಯೆಂದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಅಂಗಳಕ್ಕೆ ಓಡಿಹೋಗಿ ಮತ್ತೊಮ್ಮೆ ನೋಡಿಬಂದೆ.

ಗೋಡೆಯುದ್ದಕ್ಕೂ ಹೆರಿಗೆ ರಿಜಿಸ್ಟರುಗಳಿದ್ದವು. ಒಂದೊಂದು ವರ್ಷಕ್ಕೆ ಒಂದೊಂದು. ಅವುಗಳಲ್ಲಿ ಹೆತ್ತವಳ ಹೆಸರೇ ಇರಲಿಲ್ಲ. 'ಇಂಥವನ ಹೆಂಡತಿ' ಎಂದಷ್ಟೇ. ಯಾರದನ್ನಾದರೂ ಹುಡುಕಬೇಕೆಂದರೆ ಕೊನೆಯ ಹಾಳೆಗಳಲ್ಲಿ ಗಂಡಂದಿರ ಹೆಸರಿನ ಸೂಚಿ ಇತ್ತು.

ಡಾಕ್ಟರಿಗೆ ಹೇಳಲು ಓಡಿದೆ. ಅವರು ಕೆಟ್ಟವರಲ್ಲ. ತಲೆ ಎತ್ತದೆ ಚೀಟಿ ಬರೆಯುತ್ತಲೇ ಹೇಳಿದರು. "ಆ ರೂಮು ನನಗೆ ಬೇಕು ಕಣ್ರೀ. ಬಾಣಂತೇರು ನೆಲದ ಮೇಲೆ ಮಲಗ್ತಾ ಇದಾರೆ. ಹಳೇ ಕಾಗದ ರದ್ದಿಗೆ ಹಾಕಾಕೆ ಅಪ್ಪಣೆ ಆಗೈತೆ."

"ರದ್ದಿಗೆ ಹಾಕೋವಂಥದ್ದಲ್ಲ ಸಾರ್. ಇಡೀ ಆಸ್ಪತ್ರೆ ಚರಿತ್ರೆ ಐತೆ ಅದರಾಗೆ. ಜನಕ್ಕೆ ತೋರಿಸ್ಬೇಕು."

"ಯಾವ ಜನ ನೋಡ್ತಾರ್ರೀ ಇದನ್ನ?"

ನಾನು ಬಿಡಲಿಲ್ಲ. ಕೊನೆಗೆ ಅವರೇ ಸೋತು ಒಂದು ಮಾತು ಕೊಟ್ಟರು. ಬರುವ ಸಂತೆಯ ದಿನ ಜಗಲಿಯಲ್ಲಿ ಎಲ್ಲವನ್ನೂ ಇಟ್ಟು ತೋರಿಸಿ. ಇದು ಬೇಕು ಅನ್ನುವ ಜನ ಬಂದರೆ ಉಳಿಸೋಣ, ಬರದಿದ್ದರೆ ಅದೇ ಸಂಜೆ ರದ್ದಿಯವನ ಗಾಡಿಗೆ.

ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ. ಯಾರ ಕಾಯಿಲೆ ಯಾರಿಗೂ ತಿಳಿಯಬಾರದೆಂದು ರೋಗಿಗಳ ಪುಸ್ತಕಗಳನ್ನು ಅಲ್ಮೇರಾದಲ್ಲೇ ಬಿಟ್ಟೆ. ಪತ್ರ, ತಕ್ಕಡಿ, ಸೀಸೆ, ಹೆರಿಗೆ ರಿಜಿಸ್ಟರುಗಳನ್ನು ಬೆಂಚುಗಳ ಮೇಲೆ ಜೋಡಿಸಿದೆವು. ಊರ ತಳವಾರನಿಗೆ ಹೇಳಿ ಹಿಂದಿನ ದಿನವೇ ಡಂಗುರ ಹಾಕಿಸಿದೆ. ಅವನೋ ಹೇಳಿದ್ದರ ಮೇಲೆ ಇನ್ನಷ್ಟು ಸೇರಿಸಿ ಸಾರಿದ. "ನಾಳೆ ಸಂತೇಗೆ ಬಂದ ಗಂಡಸ್ರು ಹೆಂಗಸ್ರು ಎಲ್ಲಾ ಆಸ್ಪತ್ರೆಗೆ ಬರಬೇಕಂತೆ. ಕಾಸು ಕೊಡೋಹಂಗಿಲ್ಲವಂತೆ. ಯಾರೂ ತಪ್ಪಿಸ್ಕಳಂಗಿಲ್ಲವಂತೆ."

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ್ದ. ಸರ್ಕಾರದವರು ಗಂಡಸರನ್ನು ಕರೆದು ಕರೆದು ಮಕ್ಕಳಾಗದಂತೆ ಆಪರೇಷನ್ ಮಾಡಿದ ಕಾಲ ಮುಗಿದು ಬಹಳ ದಿನವಾಗಿರಲಿಲ್ಲ. ಆ ಹೆದರಿಕೆ ಯಾರಿಗೂ ಹೋಗಿರಲಿಲ್ಲ. ಬೆಳಗ್ಗೆ ನಾನು ಹೊಸ ಸೀರೆ ಉಟ್ಟು ಜಗಲಿಯಲ್ಲಿ ನಿಂತರೆ ಸಂತೆಯಲ್ಲಿ ಒಬ್ಬ ಗಂಡಸೂ ಕಾಣಲಿಲ್ಲ. ಬದನೆಕಾಯಿ ಮಾರುವವನು ಬದನೆಕಾಯಿ ಬಿಟ್ಟು ಎದ್ದುಹೋಗಿದ್ದ, ನಲ್ಲೂರಿನ ಬಸ್ಸಿನಿಂದ ಇಳಿದವರು ಸುದ್ದಿ ಕೇಳಿ ಅದೇ ಬಸ್ಸು ಹತ್ತಿದ್ದರು. ಆಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇನ್ನ ಮೂರು ಸಂತೆ ಈ ಕಡೀಗೆ ಗಂಡುಪ್ರಾಣಿ ಸುಳಿಯಲ್ಲ ಬಿಡ್ರಿ ಅಕ್ಕೋರೆ." ನನಗೆ ಮೈಯೆಲ್ಲ ಉರಿಯಿತು. ಮಾಡಿದ್ದುಣ್ಣೋ ಮಹರಾಯ ಎಂದು ನನ್ನನ್ನೇ ಬೈದುಕೊಂಡೆ.

ಮಧ್ಯಾಹ್ನದ ಬಿಸಿಲಿಗೆ ಒಂದಿಷ್ಟು ಹೆಂಗಸರು ಚೀಲ ಹಿಡಿದು ಜಗಲಿಯ ನೆರಳಿಗೆ ಬಂದು ಕೂತರು. ಗಂಡಂದಿರು ಓಡಿಹೋಗಿದ್ದರಿಂದ ಮನೆಗೆ ಹೋಗುವ ಅವಸರವೂ ಇರಲಿಲ್ಲ. ಒಬ್ಬಳು ರಿಜಿಸ್ಟರು ತೋರಿಸಿ ಏನದು ಎಂದಳು. "ಇಲ್ಲಿ ಹುಟ್ಟಿದ ಕೂಸುಗಳೆಲ್ಲ ಅದರಾಗೆ ಅವೆ. ನಿನ್ನ ಮಗನೂ ಇರ್ತಾನೆ ನೋಡು," ಎಂದಳು ಆಯಮ್ಮ.

ಅಷ್ಟೇ ಸಾಕಾಯಿತು. ಎಲ್ಲರೂ ಎದ್ದು ಬೆಂಚು ಮುತ್ತಿದರು. ನನ್ನದು ಓದ್ರಿ, ನನ್ನದು ಮೊದಲು ಓದ್ರಿ. ಸರಿ, ಗಂಡನ ಹೆಸರು ಹೇಳಿ ಎಂದೆ. ಎಲ್ಲರೂ ಗಪ್‌ಚಿಪ್. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಸೀಮೆಯಲ್ಲಿ ಎಲ್ಲಿದ್ದಳು? ಕೊನೆಗೆ ಒಬ್ಬಳು ಪಕ್ಕದವಳನ್ನು ತಿವಿದಳು. "ಲೇ, ನೀನು ನಮ್ಮನೇರ ಹೆಸ್ರು ಹೇಳು, ನಾನು ನಿಮ್ಮನೇರದ್ದು ಹೇಳ್ತೀನಿ." ಆಮೇಲೆ ಜೋಡಿ ಜೋಡಿಯಾಗಿ ಬಂದರು. ಒಬ್ಬಳ ಗಂಡನನ್ನು ಇನ್ನೊಬ್ಬಳು ಕೂಗುವುದು, ಕೂಗಿಸಿಕೊಂಡವಳು ನಾಚಿ ಸೆರಗೆಳೆದುಕೊಳ್ಳುವುದು. ನಾನು ಓದಿದಂತೆಲ್ಲ ನಗು, ಕೂಗಾಟ. ಈಗ ಮೀಸೆ ತಿರುವಿಕೊಂಡು ಓಡಾಡುವ ಗೌಡನೊಬ್ಬ ಹುಟ್ಟಿದಾಗ ಎಷ್ಟು ತೂಗಿದ್ದನೆಂದು ಕೇಳಿ ಅವನ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸುದ್ದಿ ಹಬ್ಬಿ ಸಂತೆಯ ಹೆಂಗಸರೆಲ್ಲ ಬಂದರು. ನನ್ನ ಗಂಟಲು ಕಟ್ಟಿಹೋಗಿತ್ತು, ಆದರೂ ನಿಲ್ಲಿಸಲು ಮನಸ್ಸಿರಲಿಲ್ಲ.

ಕಂಬಕ್ಕೆ ಒರಗಿ ಒಬ್ಬಳು ಮಾತ್ರ ಒಂಟಿಯಾಗಿ ನಿಂತಿದ್ದಳು. ಐವತ್ತು ದಾಟಿದ ವಯಸ್ಸು. ಯಾಕಮ್ಮ ಎಂದು ಕೇಳಿದಾಗ ಹತ್ತಿರ ಬಂದಳು. ತವರು ಇದೇ ಊರ ಪಕ್ಕದ ಹಳ್ಳಿ, ಕೊಟ್ಟದ್ದು ದೂರದ ಗೋವಿನಕೋವಿಗೆ, ಈಗ ತವರಿಗೆಂದು ಬಂದಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಈ ಆಸ್ಪತ್ರೆಯಲ್ಲೇ ಹೆತ್ತಿದ್ದಳು. ಕೂಸು ಉಳಿಯಲಿಲ್ಲ, ಆಮೇಲೆ ಮತ್ತೊಂದಾಗಲಿಲ್ಲ.

"ಗಂಡನ ಮನೇರು ಒಬ್ರೂ ಕೂಸಿನ ಮುಖ ನೋಡ್ಲಿಲ್ಲ ಅಕ್ಕೋರೆ. ಅವರು ಗಾಡಿ ಕಟ್ಕಂಡು ಬರೋದ್ರಾಗೆ ಮಣ್ಣಾಗಿತ್ತು. ನಮ್ಮ ನಾದಿನಿ ಇವತ್ತಿಗೂ ನನ್ನ ಬಂಜೆ ಅಂತಾಳೆ. ತೊಟ್ಟಿಲು ಕಟ್ಟೋ ಮನೀಗೆ ನನ್ನ ಕರೆಯಾಕೆ ಬಿಡಲ್ಲ. ನಾನು ಹೆತ್ತಿದ್ದು ಅದರಾಗೆ ಐತಾ ನೋಡ್ರಿ."

ನೋಡುವುದು ಹೇಗೆ? ಯಾವ ವರ್ಷವೆಂದು ಅವಳಿಗೆ ಗೊತ್ತಿಲ್ಲ. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿತ್ತು, ಆದರೂ ಹೆಸರು ಹೇಳಲೊಲ್ಲಳು. ಹೇಳಲು ಅವಳ ಗಂಡನೂರಿನವರಾಗಲಿ ತವರಿನವರಾಗಲಿ ಅಲ್ಲಿ ಯಾರೂ ಇರಲಿಲ್ಲ.

"ದೇವರ ಹೆಸ್ರು," ಎಂದಳು ಮೆಲ್ಲಗೆ.

"ಯಾವ ದೇವರು?"

"ನಂದಿ ಮೇಲೆ ಕುಂತೋನು."

ಹಿಂದಿನಿಂದ ಒಬ್ಬಳು, "ನಮ್ಮ ಕಡೆ ನಂದಿ ಮೇಲೆ ಕೂರದ ಗಂಡ ಯಾರವ್ನೆ ಹೇಳು?" ಎಂದಳು. ಅದೂ ನಿಜವೇ. ನಾನು ಗೊತ್ತಿದ್ದ ಶಿವನ ಹೆಸರನ್ನೆಲ್ಲ ಕೇಳಿದೆ, ಜೊತೆಗಿದ್ದವರೂ ನೆನಪಾದದ್ದನ್ನು ಕೂಗಿದರು. ಅವಳು ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು.

ಅಷ್ಟರಲ್ಲಿ ರದ್ದಿಯವನ ಗಾಡಿ ಗೇಟಿನೊಳಗೆ ಬಂತು. ಡಾಕ್ಟರೂ ಜಗಲಿಗೆ ಬಂದರು. ಹೆಂಗಸರ ಗುಂಪು ನೋಡಿ ಅವರಿಗೆ ಅಚ್ಚರಿಯೇನೋ ಆಯಿತು, ಒಪ್ಪಲಿಲ್ಲ. "ಸಂತೆ ಜನ ಕಣ್ರೀ. ಇವತ್ತು ನಗ್ತಾರೆ, ನಾಳೆ ಮರೀತಾರೆ. ಇದು ಬೇಕು ಅಂದೋರು ಯಾರವ್ರೆ ಇಲ್ಲಿ? ಸಾಕು, ಕಟ್ಟಿ ಕಳಿಸ್ರಿ." ರದ್ದಿಯವನು ಗೋಣಿಚೀಲ ಬಿಡಿಸಿದ.

ಆ ಹೆಂಗಸು ಚೀಲವನ್ನು ನೋಡಿದಳು, ರಿಜಿಸ್ಟರುಗಳನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡು ಗಂಡನ ಹೆಸರನ್ನು ಹೇಳಿದಳು. ಎಲ್ಲರಿಗೂ ಕೇಳುವಂತೆ, ಅವನ ತಂದೆಯ ಹೆಸರನ್ನೂ ಸೇರಿಸಿ ಹೇಳಿದಳು. ಯಾರೋ ಒಬ್ಬ ಮುದುಕಿ ಶಿವಶಿವಾ ಎಂದು ಕೆನ್ನೆ ತಟ್ಟಿಕೊಂಡಳು.

ನಾನು ಒಂದೊಂದೇ ರಿಜಿಸ್ಟರಿನ ಸೂಚಿ ತೆಗೆದು ನೋಡಿದೆ. ಆಯಮ್ಮ ಚೀಲದವನ ಕೈಯಿಂದ ಒಂದನ್ನು ಕಿತ್ತುಕೊಂಡು ನನಗೆ ಕೊಟ್ಟಳು. ಅದರಲ್ಲೇ ಸಿಕ್ಕಿತು. ಗಟ್ಟಿಯಾಗಿ ಓದಿದೆ. ಇಂಥವನ ಹೆಂಡತಿ. ಚೊಚ್ಚಲ. ಹೆಣ್ಣು ಮಗು. ಮೂರನೆಯ ದಿನ ತೀರಿಕೊಂಡಿತು. ತಾಯಿ ಕ್ಷೇಮ.

"ತಾಯಿ ಅಂತ ಬರ್ದೈತಾ?"

"ಬರ್ದೈತೆ ಅವ್ವ."

ಅವಳು ಬಗ್ಗಿ, ಓದು ಬಾರದಿದ್ದರೂ, ಆ ಸಾಲಿನ ಮೇಲೆ ಬೆರಳಿಟ್ಟಳು. ಎಲ್ಲಿ, ಯಾವುದು ತಾಯಿ ಅನ್ನೋದು ಎಂದು ಕೇಳಿ ತೋರಿಸಿಕೊಂಡಳು. ನನಗೆ ಅಳು ಬಂತು, ಎಲ್ಲರೆದುರಿಗೇ ಅತ್ತೆ. ಅವಳು ಅಳಲಿಲ್ಲ. ನೇರವಾಗಿ ಡಾಕ್ಟರ ಕಡೆ ತಿರುಗಿದಳು.

"ಇದು ಇಲ್ಲೇ ಇರ್ತೈತೇನ್ರೀ ಸಾಹೇಬ್ರೇ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ರದ್ದಿಯವನಿಗೆ ಹೋಗು ಎಂದು ಕೈ ಮಾಡಿದರು. "ಆ ರೂಮು ಬಾಣಂತೇರಿಗೆ ಬೇಕೇಬೇಕು," ಎಂದು ನನ್ನ ಕಡೆ ನೋಡಿದರು. "ಇವನ್ನೆಲ್ಲ ನನ್ನ ರೂಮಿನಾಗೆ ಇಡಿಸ್ರಿ." ಆಮೇಲೆ ಅವಳಿಗೆ ಹೇಳಿದರು. "ಇರ್ತೈತಮ್ಮ. ಇಲ್ಲೇ ಇರ್ತೈತೆ."

"ಹಂಗಾದ್ರೆ ಬರೋ ಸಂತೇಗೆ ನಮ್ಮ ನಾದಿನೀನ ಕರ್ಕಂಡು ಬರ್ತೀನಿ," ಎಂದು ಅವಳು ನನಗೆ ಹೇಳಿ ಚೀಲ ಎತ್ತಿಕೊಂಡಳು. "ಹಿಂಗೇ ಜೋರಾಗಿ ಓದ್ರಿ ಅಕ್ಕೋರೆ. ಅವ್ಳಿಗೆ ಕಿವಿ ಸ್ವಲ್ಪ ಮಂದ."