ಬಂಡೆದಾರಿಯಲ್ಲಿ ‘ಎಲ್ಲಿಗೆ’ ಅಂದವರು

ಶಕುನ, ದೃಷ್ಟಿ, ಗಾಳಿ ಸೋಕುವುದು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಹಾಗೆಂದು ನಂಬುವವರ ಜೊತೆ ಜಗಳಕ್ಕೆ ನಿಂತವಳೂ ಅಲ್ಲ. ನಂಬುವವರ ಜೊತೆಯಲ್ಲೇ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರೆ ಜಗಳ ತಾನಾಗಿ ಸವೆದುಹೋಗುತ್ತದೆ.

ನಮ್ಮ ಮನೆಯವರು ಬೆಕ್ಕು ಅಡ್ಡ ಬಂದರೆ ನಿಲ್ಲುವವರಲ್ಲ, ರಾಹುಕಾಲ ನೋಡುವವರೂ ಅಲ್ಲ. ಅವರಿಗಿರುವುದು ಒಂದೇ ಒಂದು. ಹೊಸಿಲು ದಾಟಿ ಹೊರಟಾಗ ಯಾರಾದರೂ ‘ಎಲ್ಲಿಗೆ?’ ಎಂದು ಕೇಳಿಬಿಟ್ಟರೆ ಹಿಂದಿರುಗಿ ಬಂದು, ಕೂತು, ನೀರು ಕುಡಿದು, ಐದು ನಿಮಿಷ ಬಿಟ್ಟೇ ಮತ್ತೆ ಹೊರಡಬೇಕು. ನಮ್ಮ ಕಡೆ ಹಳಬರು ಯಾರೂ ಹಾಗೆ ಕೇಳುವುದಿಲ್ಲ. ತಿಳಿಯಲೇಬೇಕೆಂದರೆ ‘ದೂರ ಹೊರಟ್ರಾ?’ ಎನ್ನುತ್ತಾರೆ. ಈ ಐದು ನಿಮಿಷದಿಂದ ನಾವು ತಪ್ಪಿಸಿಕೊಂಡ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಬೆಂಗಳೂರಿನ ನಮ್ಮ ವಿಜಯನಗರದಿಂದ ಸುಂಕದಕಟ್ಟೆ ಮುಟ್ಟೀತು ಎಂದು ನಾನು ರೇಗಿಸುತ್ತಿದ್ದೆ.

ಇಂಥವರಿರುವ ಮನೆಯ ಕೆಳಗಿನ ಭಾಗಕ್ಕೆ ಬಾಡಿಗೆಗೆ ಬಂದವಳು ಕಸ್ತೂರಿ. ಗದಗದ ಕಡೆಯವಳು, ಮೂವತ್ತರ ಹೆಂಗಸು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. ಮೆಟ್ಟಿಲ ಮೇಲೆ ಇವರ ಚಪ್ಪಲಿ ಸದ್ದಾದರೆ ಸಾಕು, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, “ಎಲ್ಲಿಗ್ ಹೊಂಟೀರ್ರೀ ಸರ್?” ಎನ್ನುತ್ತಿದ್ದಳು. ಇವರು ಮುಖ ಸಿಂಡರಿಸಿಕೊಂಡು ಮೇಲೆ ಬರುವುದು, ನಾನು ನೀರು ಕೊಡುವುದು. ಒಂದು ದಿನ ತಡೆಯಲಾರದೆ ಇವರು ಹೇಳಿಯೇಬಿಟ್ಟರು: “ನೋಡಮ್ಮ, ಹೊರಟೋರನ್ನ ಹಾಗೆ ಕೇಳಬಾರದು.”

ಅವಳು ಕಕ್ಕಾಬಿಕ್ಕಿಯಾದಳು. “ಅಯ್ಯ, ನಮ್ಮ ಮನ್ಯಾಗ ಕೇಳಲಿಲ್ಲಂದ್ರ ಸಿಟ್ಟಾಗ್ತಾರ್ರೀ. ಇಲ್ಲಿ ಕೇಳಿದ್ರ ಸಿಟ್ಟಾಗ್ತೀರಿ. ನಾ ಏನ್ ಮಾಡ್ಲಿ ಹೇಳ್ರಿ!” ಎಂದಳು. ಅಂದಿನಿಂದ ಕೇಳುವುದನ್ನು ನಿಲ್ಲಿಸಿದಳು. ಆದರೆ ಇವರು ಹೊರಟಾಗಲೆಲ್ಲ ಬಾಗಿಲಿಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಕೇಳಿದ್ದಕ್ಕಿಂತ ಅದೇ ಜೋರಾಗಿತ್ತು.

ಈಗ ಹೇಳಹೊರಟಿರುವುದು ಮೂರು ವರ್ಷದ ಹಿಂದಿನ ಮಾತು. ಇವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಿರಿ ಎಂದಿದ್ದಕ್ಕೆ ಪಾರ್ಕು ಸುತ್ತಿ ಸುತ್ತಿ ಬೇಜಾರಾಗಿ, ಕುಮಟಾದ ಕಡೆ ಸಮುದ್ರದಂಚಿನ ಕಾಯ್ದಿಟ್ಟ ಕಾಡೊಂದರಲ್ಲಿ ನಡೆಯುವ ದಾರಿ ಇದೆಯೆಂದು ಫೋನಿನಲ್ಲಿ ನೋಡಿದ್ದರು. ಕಾಡು ದಾಟಿ, ಬಂಡೆಯ ಮೇಲೆ ಹಾದು, ಸಮುದ್ರಕ್ಕೆ ಮೂಗಿನಂತೆ ಚಾಚಿದ ತುದಿ ಮುಟ್ಟುವ ದಾರಿ. “ಗೇಟಿನ ತನಕ ಬಸ್ಸೇ ಹೋಗತ್ತೆ ಕಣೇ, ಕಾರೂ ಬೇಡ, ಏನೂ ಬೇಡ” ಎಂದು ತಿಂಗಳುಗಟ್ಟಲೆ ಹೇಳಿದರು. ಆ ತುದಿಯಲ್ಲಿ ಒಂದು ಸಲ ನಿಲ್ಲಬೇಕು, ಅಷ್ಟೇ ಅವರ ಆಸೆ. ಅವರನ್ನು ಹೋದ ಹಾಗೇ ವಾಪಸ್ಸು ಕರೆತರಬೇಕು, ಅಷ್ಟೇ ನನ್ನ ಚಿಂತೆ.

ಹೊರಟ ದಿನ ಸಂಜೆ ಬ್ಯಾಗು ಹೊತ್ತು ಇಳಿದಾಗ ಕಸ್ತೂರಿ ಎಂದಿನಂತೆ ಸೆರಗು ಬಾಯಿಗಿಟ್ಟು ನಿಂತಿದ್ದಳು. ಕಣ್ಣಲ್ಲಿ ನಗು. ಕೇಳಲಿಲ್ಲ. ಇವರು ಗೆದ್ದವರಂತೆ ಗೇಟು ದಾಟಿದರು.

ಬೆಳಿಗ್ಗೆ ಕುಮಟಾದಲ್ಲಿಳಿದು, ಲಾಡ್ಜಿನಲ್ಲಿ ಮುಖ ತೊಳೆದು, ಇವರು ತಿಂಡಿಗೆ ಮೊದಲಿನ ಮಾತ್ರೆ ನುಂಗಿದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿಗೆ ಹೇಳಿದ್ದೆವು. ತಟ್ಟೆ ಬರುವ ಮೊದಲೇ ನಮ್ಮ ಬಸ್ಸು ಹೊರಟು ನಿಂತಿತು. ಅರ್ಧ ಲೋಟ ಟೀ ಕುಡಿದು ಓಡಿದೆವು. ಬ್ಯಾಗಿನಲ್ಲಿ ಚಪಾತಿ ಇತ್ತು. ಬಸ್ಸಿನಲ್ಲಿ ತಿನ್ನಿ ಎಂದರೆ, “ತುದೀಲಿ ಕೂತು ತಿನ್ನೋಣ, ಅದೇ ಚೆಂದ” ಎಂದರು. ನಾನು ಒತ್ತಾಯ ಮಾಡಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಗೇಟಿನ ಕಾವಲುಗಾರ ಪುಸ್ತಕದಲ್ಲಿ ನಮ್ಮಿಬ್ಬರ ಹೆಸರು ಬರೆದುಕೊಂಡ. “ಇವತ್ತು ನೀವೇ ಮೊದಲು. ವಾಪಸ್ ಹೋಗ್ಲಿಕ್ಕೆ ಒಂದೂವರೆಗೆ ಬಸ್ಸು, ಅದು ತಪ್ಪಿದ್ರೆ ಸಂಜೆಗೇ. ಬಂಡೆ ಹತ್ರ ಮಾತ್ರ ಹುಷಾರು ಹಾಂ, ಒಂದು ಕಡೆ ಪೂರಾ ಸಮುದ್ರ” ಎಂದ.

ದಾರಿ ಸುಖವಾಗಿತ್ತು. ಕೆಂಪು ಮಣ್ಣು, ಗಾಳಿಮರದ ಎಳೆಗಳು ಉದುರಿ ಕಾಲಿಗೆ ಮೆತ್ತಗೆ, ಅಲ್ಲಲ್ಲಿ ಕೇದಗೆಯ ಪೊದೆ, ಕಲ್ಲಿನ ಮೇಲೆ ಹಳದಿ ಬಾಣದ ಗುರುತು. ಒಂದು ಗಂಟೆ ನಡೆದಿರಬೇಕು. ಮರಗಳು ಮುಗಿದು ಬಂಡೆದಾರಿ ಶುರುವಾಯಿತು. ಒಬ್ಬರು ಹಿಡಿಯುವಷ್ಟೇ ಅಗಲ. ಎಡಗಡೆ ಗೋಡೆಯಂಥ ಕಲ್ಲು, ಬಲಗಡೆ ಏನೂ ಇಲ್ಲ, ಕೆಳಗೆ ನೊರೆ. ಇವರು ನನಗಿಂತ ಹತ್ತು ಹೆಜ್ಜೆ ಮುಂದಿದ್ದರು. ಬಂಡೆಯ ಮೇಲೆ ಒಂದು ಕಾಲಿಟ್ಟಾಗಿತ್ತು.

ಆಗ ಹಿಂದಿನಿಂದ ಕೇಳಿಸಿತು. “ಎಲ್ಲಿಗ್ ಹೊಂಟೀರ್ರೀ ಸರ್?”

ಪಿಸುಮಾತಲ್ಲ, ಕೂಗೂ ಅಲ್ಲ. ಬಾಗಿಲಲ್ಲಿ ನಿಂತವರು ಮೆಟ್ಟಿಲಲ್ಲಿರುವವರನ್ನು ಕೇಳಿದಷ್ಟು. ನಾನು ತಿರುಗಿ ನೋಡಿದೆ. ನಾವು ಬಂದ ದಾರಿ ನೆಟ್ಟಗೆ ಕಾಣುತ್ತಿತ್ತು, ಖಾಲಿ. ಮುಂದೆ ನೋಡಿದರೆ ಇವರು ಬಂಡೆಯ ಮೇಲಿಟ್ಟ ಕಾಲನ್ನು ಹಿಂದೆಗೆದು, ಮುಖ ಸಿಂಡರಿಸಿಕೊಂಡು ವಾಪಸ್ಸು ಬರುತ್ತಿದ್ದರು. ವಿಜಯನಗರದ ಮೆಟ್ಟಿಲು ಹತ್ತಿ ಬರುವ ಅದೇ ಮುಖ.

“ಯಾರೋ ಕೇಳೇಬಿಟ್ರಲ್ಲ. ನೀರು ಕೊಡು” ಎಂದು ಬಿದ್ದ ಮರದ ಬೊಡ್ಡೆಯ ಮೇಲೆ ಕೂತರು.

“ರೀ, ಇಲ್ಲೂನಾ? ಒಂದೂವರೆ ಬಸ್ಸು...”

“ಐದೇ ನಿಮಿಷ ಕಣೇ.”

ಐದು ನಿಮಿಷ ಬೇಕಾಗಲಿಲ್ಲ. ನೀರಿನ ಬಾಟಲಿ ತೆಗೆದುಕೊಂಡ ಕೈ ನಡುಗತೊಡಗಿತು. ಹಣೆಯಲ್ಲಿ ಬೆವರು ಸಾಲುಗಟ್ಟಿತು, ಶರ್ಟು ಬೆನ್ನಿಗೆ ಅಂಟಿತು. ಏನೋ ಹೇಳಲು ಹೋದರು, ಮಾತು ತೊದಲಿತು. ಸಕ್ಕರೆ ಇಳಿದಿದೆ ಎಂದು ನನಗೆ ಗೊತ್ತಾಯಿತು, ಮನೆಯಲ್ಲಿ ಒಮ್ಮೆ ಹೀಗಾದದ್ದನ್ನು ನೋಡಿದ್ದೆ. ಬ್ಯಾಗಿನ ಹೊರಜೇಬಿನಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ, ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ಗಂಟೆಯ ಮೇಲೆ ಕಣ್ಣು ಸರಿಯಾಗಿ ನನ್ನ ಮೇಲೆ ನಿಂತಿತು. “ಚಪಾತಿಗೆ ಚಟ್ನಿಪುಡಿ ತಂದಿದ್ದೀಯಾ?” ಎಂದರು. ಆಗ ನಾನು ಅತ್ತೆ.

ತುದಿಗೆ ಹೋಗಲಿಲ್ಲ. ಮರದ ಸಂದಿಯಿಂದ ಕಂಡಷ್ಟು ಸಮುದ್ರ ನೋಡುತ್ತ ಚಪಾತಿ ತಿಂದು, ನಿಧಾನಕ್ಕೆ ಇಳಿದೆವು. ಗೇಟಿನಲ್ಲಿ ಕೇಳಿದೆ, ನಮ್ಮ ಹಿಂದೆ ಯಾರಾದರೂ ಒಳಗೆ ಬಂದರೇ ಎಂದು. ಕಾವಲುಗಾರ ಪುಸ್ತಕವನ್ನೇ ತಿರುಗಿಸಿ ತೋರಿಸಿದ. ಆ ದಿನದ ಪುಟದಲ್ಲಿ ನಮ್ಮ ಎರಡು ಹೆಸರಿನ ಕೆಳಗೆ ಏನೂ ಇರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ, ನನಗೆ ಕೇಳಿಸಿದ್ದೇನು ಎಂದು ಹೇಳದೆ ಇವರನ್ನು ಕೇಳಿದೆ: “ನಿಮಗೆ ಏನಂತ ಕೇಳಿಸ್ತು? ಇದ್ದ ಹಾಗೇ ಹೇಳಿ.” ಇವರು ಕಿಟಕಿಯಾಚೆ ನೋಡುತ್ತ, ಒಂದೊಂದೇ ಮಾತಾಗಿ ಹೇಳಿದರು. “ಎಲ್ಲಿಗ್, ಹೊಂಟೀರ್ರೀ, ಸರ್.”

ಊರಿಗೆ ಬಂದ ದಿನ ಕಸ್ತೂರಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಏನನ್ನೂ ಹೇಳಿರಲಿಲ್ಲ. ಅವಳೇ ಹೇಳಿದಳು: “ಅವತ್ತ ಸರ್‌ನ ಕೇಳಲಾರದ ಕಳಿಸಿದ್ನಲ್ರೀ ಆಂಟಿ, ರಾತ್ರಿಯೆಲ್ಲ ಗಂಟಲದಾಗ ಏನೋ ಸಿಕ್ಕೊಂಡಂಗ ಆಗಿತ್ತು ನೋಡ್ರಿ. ಮರುದಿನ ಭಾಂಡೆ ತಿಕ್ಕೋ ಹೊತ್ತಿಗೆ ತಾನಾ ಸರಿಹೋತು.”

ಅವಳು ಪಾತ್ರೆ ತಿಕ್ಕುವುದು ಹತ್ತು ಗಂಟೆಗೆ. ನಲ್ಲಿಯ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತದೆ, ಅದನ್ನು ಕೇಳಿಯೇ ನಾನು ಅನ್ನಕ್ಕೆ ಇಡುವುದು. ಗ್ಯಾಸ್ ಬಂದ ದಿನ, ಉಪ್ಪಿನಕಾಯಿ ಹಾಕಿದ ದಿನ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವ ಅಭ್ಯಾಸ ನನ್ನದು. ಆ ದಿನದ ಚೌಕದಲ್ಲಿ ಬರೆದಿರುವುದು ಇಷ್ಟೇ: ‘ಹತ್ತು ಗಂಟೆ. ಬಂಡೆ. ಇವರು ಕೂತರು.’

ಅಲೆಯ ಸದ್ದು ಕಲ್ಲಿಗೆ ಬಡಿದು ಮಾತಿನಂತೆ ಕೇಳಿಸಿತೇ? ಸಕ್ಕರೆ ಇಳಿದವರ ಕಿವಿಗೆ ಏನು ಬೇಕಾದರೂ ಕೇಳಿಸಬಹುದು, ಒಪ್ಪುತ್ತೇನೆ. ನನ್ನ ಸಕ್ಕರೆ ಸರಿಯಾಗಿತ್ತಲ್ಲ. ಮೂರು ವರ್ಷದಿಂದ ಇದನ್ನು ತಿರುವಿ ತಿರುವಿ ನೋಡುತ್ತಿದ್ದೇನೆ. ಈಗಲೂ ನಾನು ಶಕುನ ನಂಬುವವಳಲ್ಲ.

ಈ ಚಳಿಗಾಲದಲ್ಲಿ ಮತ್ತೆ ಹೋದೆವು. ಹೊಟ್ಟೆ ತುಂಬ ಇಡ್ಲಿ ತಿಂದು, ಮುಂದಿನ ಬಸ್ಸಿಗೇ ಹತ್ತಿ, ಅದೇ ದಾರಿ. ಬಂಡೆ ಶುರುವಾಗುವಲ್ಲಿ ಇವರು ನಿಂತರು. ನಾನೂ ನಿಂತೆ. ಸಮುದ್ರದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

“ಯಾರೂ ಕೇಳ್ತಿಲ್ಲ ಕಣೇ” ಎಂದರು ಇವರು. ದನಿಯಲ್ಲಿ ಸಣ್ಣ ಬೇಸರವಿತ್ತು. ಬಂಡೆಯ ಮೇಲೆ ಕಾಲಿಡಲು ಹೋದರು.

ನನಗೆ ಏನನ್ನಿಸಿತೋ. “ಎಲ್ಲಿಗ್ ಹೊಂಟೀರ್ರೀ ಸರ್?” ಎಂದುಬಿಟ್ಟೆ.

ಇವರು ನಗಲಿಲ್ಲ. ಕಾಲು ಹಿಂದೆಗೆದು, ಬಂದು, ಅದೇ ಬೊಡ್ಡೆಯ ಮೇಲೆ ಕೂತು ಕೈಚಾಚಿದರು. ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟು, ಪಕ್ಕದಲ್ಲಿ ಕೂತೆ. ಪೂರ್ತಿ ಐದು ನಿಮಿಷ ಆದ ಮೇಲೆ ಇಬ್ಬರೂ ಎದ್ದು ತುದಿಗೆ ಹೋದೆವು.