ಎರಡು ಅಂಕದ ಚಳಿ

"ರಷ್ಯಾದ ಮೇಲೆ ದಂಡೆತ್ತಿ ಹೋದವರು ಸೋತದ್ದೇಕೆ?" ಒಂಬತ್ತನೇ ಕ್ಲಾಸಿನ ಮಗಳ ಟೆಸ್ಟಿನಲ್ಲಿ ಎರಡು ಅಂಕದ ಪ್ರಶ್ನೆ. ಅವಳು ಅರ್ಧ ಪುಟ ಬರೆದಿದ್ದಳು. ಮಿಸ್ಸು ಅದಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಚಳಿ" ಎಂದು ಬರೆದು ಸೊನ್ನೆ ಸುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಅರ್ಧ ಪುಟ ನಾನು ಹೇಳಿಕೊಟ್ಟದ್ದು. ಇತಿಹಾಸದಲ್ಲಿ ಎಂ.ಎ. ಮಾಡಿ, ರಾಜಾಜಿನಗರದ ಆಫೀಸೊಂದರಲ್ಲಿ ಬಿಲ್ ಎಂಟ್ರಿ ಮಾಡಿಕೊಂಡಿರುವವಳು ನಾನು. ಓದಿದ್ದನ್ನು ಹೇಳಿಕೊಳ್ಳಲು ನನಗಿದ್ದದ್ದು ಈ ಹುಡುಗಿಯ ಕಿವಿ ಒಂದೇ. ಕಾಮಾಕ್ಷಿಪಾಳ್ಯದ ಟ್ರಾಫಿಕ್ಕಿನಲ್ಲಿ ಬಸ್ಸು ಅಲ್ಲಾಡದೆ ನಿಂತಿದ್ದಾಗ ಶುರು ಮಾಡಿದ್ದೆ. ಚಳಿ ಬಂದದ್ದು ಕೊನೆಗೆ, ಅಷ್ಟರಲ್ಲಿ ಸೈನ್ಯ ಅರ್ಧಕ್ಕರ್ಧ ಕರಗಿತ್ತು. ದೂರ ಹೆಚ್ಚಿದಷ್ಟೂ ಗಾಡಿಯಲ್ಲಿರುವ ಮೇವನ್ನು ಗಾಡಿ ಎಳೆಯುವ ಕುದುರೆಗಳೇ ತಿಂದು ಮುಗಿಸುತ್ತವೆ. ಅಲ್ಲಿಯ ಜನವೋ, ಎದುರು ನಿಲ್ಲುವುದೇ ಇಲ್ಲ. ಕಣಜಕ್ಕೆ ಬೆಂಕಿ ಹಚ್ಚಿ ಹಿಂದೆ ಸರಿಯುತ್ತಾರೆ. ಕೊನೆಗೆ ಹಳೆಯ ರಾಜಧಾನಿ ಸಿಕ್ಕರೂ ಸಿಗುವುದು ಖಾಲಿ ಊರು.

ಕಿಟಕಿಯಾಚೆ ನೋಡುತ್ತಿದ್ದವಳು ತಿರುಗಿ, "ಹಂಗಾದ್ರೆ ಗೆದ್ದೂ ಸೋತ್ರಾ ಅಮ್ಮಾ?" ಎಂದಿದ್ದಳು. ಆ ಒಂದು ಪ್ರಶ್ನೆಗೆ ನಾನು ಎಷ್ಟು ಹಿಗ್ಗಿದ್ದೆ!

ಅಂಥ ಉತ್ತರಕ್ಕೆ ಸೊನ್ನೆ ಎಂದರೆ ಬಿಡುವುದು ಹೇಗೆ? "ಅಮ್ಮಾ, ಪ್ಲೀಸ್, ಸ್ಕೂಲಿಗೆ ಮಾತ್ರ ಬರ್ಬೇಡ," ಎಂದು ಮಗಳು ಗೋಗರೆದಳು. ಮಾರನೆಯ ದಿನ ರಜೆ ಹಾಕಿ ಹೋದೆ.

ಮಿಸ್ಸು ಜಗಳಕ್ಕೇ ನಿಲ್ಲಲಿಲ್ಲ. "ಹೌದು ಮೇಡಂ. ನೀವು ಹೇಳೋದು ಸರಿ ಮೇಡಂ. ಆದ್ರೆ ಗೈಡಲ್ಲಿ ಚಳಿ ಅಂತಾನೇ ಇದೆ ಮೇಡಂ." ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರ ಹತ್ತಿರ ಏನು ಜಗಳವಾಡುವುದು? ಆದರೂ ಗಾಡಿ, ಮೇವು, ಕಣಜ ಎಂದು ಗಂಟಲು ಹರಿದುಕೊಂಡೆ. ಕೊನೆಗೆ ಅವರು ಎರಡು ಅಂಕ ಹಾಕಿ, ಪಕ್ಕದ ಮಿಸ್ಸಿನ ಮುಖ ನೋಡಿ ನಕ್ಕರು. ಬಾಗಿಲಲ್ಲಿ ಮಗಳ ಕ್ಲಾಸಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

ಸಂಜೆ ಉತ್ತರ ಪತ್ರಿಕೆ ತೋರಿಸಿದೆ. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಅವಳು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದೆ, "ಏನ್ ಬರ್ದೆ?"

"ಚಳಿ."

"ಅಯ್ಯೋ, ನಿಂಗೆ ಗೊತ್ತಿತ್ತಲ್ಲೇ!"

"ಗೊತ್ತಿತ್ತು. ನೀನು ಮತ್ತೆ ಸ್ಕೂಲಿಗೆ ಬರ್ಬಾರ್ದಲ್ಲ, ಅದಕ್ಕೇ."

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಹೇಳಬೇಕಾದದ್ದು ಇನ್ನೂ ಬೇಕಾದಷ್ಟಿತ್ತು. ಹಾಲ್‌ನಲ್ಲಿ ಕೇಳುವವರು ಯಾರೂ ಇರಲಿಲ್ಲ.