ಬರಿಗೊರಳಿನ ಚನ್ನವೀರಮ್ಮ

ಬಳ್ಳಾರಿಯ ಹತ್ತಿ ಗಿರಣಿಯಲ್ಲಿ ಕಸ ಆರಿಸುವ ಹೆಂಗಸರ ಸಾಲಿನಲ್ಲಿ ಸೆರಗನ್ನು ಕೊರಳ ತುಂಬ ಹೊದ್ದು ಕೂರುತ್ತಿದ್ದವಳು ಚನ್ನವೀರಮ್ಮ ಒಬ್ಬಳೇ. ಈ ಸುಡು ಬಿಸಿಲಲ್ಲಿ ಈಕೆಗೇನು ಚಳಿಯೇ ಎಂದು ಉಳಿದವರು ನಗುತ್ತಿದ್ದರು. ನಗುವವರ ಗಂಟೇನು ಹೋಗುತ್ತದೆ? ಆ ಸೆರಗಿನ ಕೆಳಗೆ ಇರಬೇಕಾದ ಲಿಂಗ ಇರಲಿಲ್ಲ. ಹುಟ್ಟಿದ ಕೂಸಿಗೇ ಲಿಂಗ ಕಟ್ಟುವ ಮನೆತನದ ಹೆಣ್ಣುಮಗಳು ಅವಳು. ಅದಕ್ಕಿಂತ ದೊಡ್ಡ ನಾಚಿಕೆ ಅವಳಿಗೆ ಬೇರೆ ಇರಲಿಲ್ಲ.

ಇದಕ್ಕೆ ಕಾರಣ ಅವಳ ಅವ್ವ ವೀರಭದ್ರಮ್ಮ. ಸಿರುಗುಪ್ಪ ಆಕೆಯ ತವರು, ಕುರುಗೋಡು ಗಂಡನ ಮನೆ. ಚನ್ನವೀರಮ್ಮ ಒಬ್ಬಳೇ ಮಗಳು. ಮಕ್ಕಳಾಗುವ ಮೊದಲೇ ಗಂಡ ತೀರಿಹೋಗಿ, ಸತ್ಯನಾರಾಯಣಪೇಟೆಯ ಒಂದು ಕೋಣೆಯಲ್ಲಿ ಒಂಟಿಯಾಗಿ ದುಡಿದು ತಿನ್ನುತ್ತಿದ್ದಳು. ಸ್ವಾತಂತ್ರ್ಯ ಬಂದ ಮರುವರ್ಷ ಕುರುಗೋಡಿನಿಂದ ಸುದ್ದಿ ಬಂತು: ನಿಮ್ಮವ್ವ ಒಲೆ ಹೊತ್ತಿಸಿ ಮರೆಯುತ್ತಾಳೆ, ಸಂತೆಗೆ ಹೋದರೆ ತನ್ನ ಮನೆಯ ದಾರಿಯನ್ನೇ ಕೇಳುತ್ತಾಳೆ. ಮಗಳು ಗಾಡಿ ಕಟ್ಟಿಸಿಕೊಂಡು ಹೋಗಿ ಅವ್ವನನ್ನು ಕರೆತಂದಳು. ಅವ್ವ ಬಿಟ್ಟು ಬರಲೊಲ್ಲದ ಹಳೆಯ ಮರದ ತೊಟ್ಟಿಲೂ ಜೊತೆಗೆ ಬಂತು. ಅದನ್ನು ಮೂಲೆಗೆ ತಳ್ಳಿ ಮೇಲೊಂದು ಕೌದಿ ಹೊದಿಸಿದಳು. ತನ್ನ ಹೊಟ್ಟೆಯ ಕೂಸು ಮಲಗದ ತೊಟ್ಟಿಲಿನಲ್ಲಿ ಕೈಯಿಡಲು ಅವಳಿಗೆ ಎಂದೂ ಮನಸ್ಸು ಬರಲಿಲ್ಲ.

ಓಣಿಯವರು ಅರಳುಮರಳು ಎಂದು ಹೆಸರಿಟ್ಟು ಕೈ ತೊಳೆದುಕೊಂಡರು. ಹೆಸರಿಡುವುದು ಸುಲಭ. ಅವ್ವ ಮೊದಲು ಊರು ಮರೆತಳು, ಆಮೇಲೆ ಹೆಸರು, ಕಡೆಗೆ ಮಗಳ ಮುಖ. ರೊಟ್ಟಿ ಬಡಿದು ಕೊಟ್ಟರೆ ಎರಡೂ ಕೈ ಮುಗಿಯುತ್ತಿದ್ದಳು.

“ಯಾರ ಮನಿಯವರೋ ಏನೋ ಯವ್ವಾ, ಕರದು ಉಣ್ಣಾಕ ಹಾಕ್ತೀರಿ. ನಿಮಗ ಪುಣ್ಯ ಬರ್ಲಿ.”

“ಅವ್ವಾ, ನಾ ಚನ್ನಿ ಅದೀನಿ.”

“ನಮ್ಮ ಚನ್ನಿ ಇನ್ನಾ ಸಣ್ಣ ಕೂಸೈತ್ರಿ” ಎಂದು ಅವ್ವ ನಗುತ್ತಿದ್ದಳು.

ಬೈದಿದ್ದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಹೆತ್ತವಳೇ ಪರಕೀಯಳಿಗೆ ಕೈ ಮುಗಿದಂತೆ ಮುಗಿದರೆ ಯಾರ ಮುಂದೆ ಹೇಳಿಕೊಳ್ಳುವುದು? ಇಬ್ಬರಿದ್ದ ಕೋಣೆಯಲ್ಲಿ ಚನ್ನವೀರಮ್ಮ ಮೊದಲಿಗಿಂತ ಒಂಟಿಯಾದಳು.

ಅವಳು ಗಿರಣಿಗೆ ಹೋದಾಗ ಪಕ್ಕದ ಮನೆಯ ಹೊನ್ನೂರಮ್ಮ ಮುದುಕಿಯ ಮೇಲೆ ಕಣ್ಣಿಟ್ಟಿರುತ್ತಿದ್ದಳು. “ಮಧ್ಯಾಹ್ನಾದ್ರ ಸಾಕು, ನಿಮ್ಮವ್ವ ಜೋಗುಳ ಹಾಡ್ತಾಳ ನೋಡವಾ” ಎನ್ನುತ್ತಿದ್ದಳು. ಆ ದಿನಗಳಲ್ಲೇ ಖಾರ ಅರೆಯುವ ಗುಂಡುಕಲ್ಲು ಕಾಣೆಯಾಯಿತು. ಹೊನ್ನೂರಮ್ಮನೇ ಒಯ್ದು ಕೊಟ್ಟಿಲ್ಲವೆಂದು ಚನ್ನವೀರಮ್ಮ ಕೆಲವು ದಿನ ಮಾತು ಬಿಟ್ಟಿದ್ದೂ ಉಂಟು.

ಐವತ್ತಮೂರರ ಬೇಸಿಗೆಯಲ್ಲಿ ಜ್ವರ ಬಂದು ಅವ್ವ ತೀರಿಕೊಂಡಳು. ಮೈ ತೊಳೆಯುವಾಗ ನೋಡಿದರೆ ಕೊರಳಲ್ಲಿ ಲಿಂಗವಿಲ್ಲ! ಹಿಂದಿನ ಸೋಮವಾರ ನೀರೆರೆಯುವಾಗ ಇತ್ತು. ದಿಂಬು ಬಿಚ್ಚಿದಳು, ಜೋಳದ ಗಡಿಗೆ ಸುರಿದಳು, ಒಲೆಯ ಬೂದಿ ಕೆದರಿದಳು. ಸಿಗಲಿಲ್ಲ.

ಕುರುಗೋಡಿನಲ್ಲಿ ಅಪ್ಪನ ಸಮಾಧಿಯ ಪಕ್ಕ ಕುಣಿ ತೋಡಿ ಅವ್ವನನ್ನು ಕೂರಿಸಿದರು. ಮಠದ ಹಾಲಸಿದ್ದಯ್ಯನವರು ಆಕೆಯ ಎಡಗೈ ಬಿಡಿಸಿ ಲಿಂಗಕ್ಕಾಗಿ ಕಾದರು.

“ಬರಿಗೈಲೆ ಹೆಂಗವಾ ಮಣ್ಣಿಗಿಡೂದು?”

ಚನ್ನವೀರಮ್ಮ ತನ್ನ ಕೊರಳಿನ ಲಿಂಗ ಬಿಚ್ಚಿ ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ನಿನಗೆ ಬೇರೆ ಕಟ್ಟುತ್ತೇನೆ ಎಂದು ಅಯ್ಯನವರು ಹೇಳಿದಾಗ ಒಪ್ಪಲಿಲ್ಲ.

“ಬ್ಯಾಡ್ರೀ ಅಜ್ಜಾರ. ಮೊದಲ ಅವ್ವಂದು ಸಿಗ್ಲಿ.”

ಬೇರೆ ಕಟ್ಟಿಸಿಕೊಂಡರೆ ಅವ್ವನದು ಕಳೆದೇಹೋಯಿತು ಎಂದು ಒಪ್ಪಿಕೊಂಡಂತೆ. ಅಷ್ಟು ಧೈರ್ಯ ಅವಳಲ್ಲಿರಲಿಲ್ಲ. ಆಮೇಲೆ ಪೂಜೆಯಿಲ್ಲದೆ ಉಣ್ಣಬೇಕಾಯಿತು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಕರೆಯುವವರೂ ಕಡಿಮೆಯಾದರು. ನಮ್ಮ ಜನ ಇಂಥದ್ದರಲ್ಲಿ ಬಹಳ ಚುರುಕು.

ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವಾರ. ಓಣಿಯಲ್ಲಿ ಅದರದೇ ಗದ್ದಲ. ಹೊನ್ನೂರಮ್ಮ ಬಂದು ಬಾಗಿಲಲ್ಲಿ ನಿಂತಳು.

“ನಾಳೆ ಮೊಮ್ಮಗಳಿಗೆ ಹೆಸರಿಡತೀವಿ. ನಿಮ್ಮ ತೊಟ್ಟಿಲಾ ಕೊಡ್ತೀಯೇನವಾ?”

ಮುದುಕಿಯನ್ನು ನೋಡಿಕೊಂಡವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಚನ್ನವೀರಮ್ಮ ಮೂಲೆಗೆ ಹೋಗಿ ಕೌದಿ ಎತ್ತಿದಳು.

ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವುದು ನಮ್ಮ ಕಡೆಯ ಪದ್ಧತಿ. ಕಲ್ಲು ತೆಗೆದ ಮೇಲೆ ಕೂಸು. ವೀರಭದ್ರಮ್ಮ ಕಲ್ಲನ್ನು ಮಲಗಿಸುವವರೆಗೂ ಸರಿಯಾಗಿಯೇ ಮಾಡಿದ್ದಳು. ತೆಗೆಯುವುದನ್ನು ಮರೆತಿದ್ದಳು. ತನ್ನ ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿ, ದೃಷ್ಟಿಯಾಗದಂತೆ ಕಾಡಿಗೆಯ ಬೊಟ್ಟಿಟ್ಟು, ಕಲ್ಲಿನ ಕೊರಳೆಂದು ತಿಳಿದ ಕಡೆ ತನ್ನ ಲಿಂಗವನ್ನು ಕಟ್ಟಿದ್ದಳು. ಗಂಟು ಸಡಿಲವಾಗಿತ್ತು, ಎಳೆಗೂಸಿಗೆ ಕಟ್ಟುವ ಹಾಗೆ.

ಚನ್ನವೀರಮ್ಮ ತೊಟ್ಟಿಲ ಪಕ್ಕ ಕೂತಳು. ಅವ್ವ ನನ್ನನ್ನು ಮರೆತಳು ಎಂದು ಇಷ್ಟು ವರ್ಷ ದೂರುತ್ತಿದ್ದಳು. ಅವಳು ಗಿರಣಿಯಲ್ಲಿ ಕೂತು ದೂರುವ ಹೊತ್ತಿಗೆ ಅವ್ವ ಇಲ್ಲಿ ಅವಳನ್ನೇ ತೂಗುತ್ತಿದ್ದಳು. ಅತ್ತಳು, ಕುರುಗೋಡಿನಲ್ಲಿ ಬಾರದ ಅಳುವೆಲ್ಲ ಈಗ ಬಂತು.

“ಏನಾತವಾ? ತೊಟ್ಟಿಲಾ ಖಾಲಿ ಇಲ್ಲೇನು?” ಹೊನ್ನೂರಮ್ಮ ಬಾಗಿಲಿಂದಲೇ ಕೇಳಿದಳು.

ಚನ್ನವೀರಮ್ಮ ಗಂಟು ಬಿಚ್ಚಿ ಲಿಂಗವನ್ನು ತನ್ನ ಕೊರಳಿಗೆ ಕಟ್ಟಿಕೊಂಡಳು. ಕಟ್ಟುವಾಗ ಸರಿಸಿದ ಸೆರಗನ್ನು ಮತ್ತೆ ಹೊದ್ದುಕೊಳ್ಳಲಿಲ್ಲ.

“ತಡಿಯಕ್ಕಾ,” ಎಂದಳು, “ನಮ್ಮವ್ವನ ಕೂಸೈತಿ ಒಳಗ. ಎತ್ತಿಕೊಂಡು ತೊಟ್ಟಿಲಾ ಕೊಡ್ತೀನಿ.”